ಮೊದಲೇ ಟಿಕ್ ಆಗಿತ್ತು

‘ಬ್ರೌಸರ್ ಅಪಹರಣ’ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಸಾಹೇಬರು ಮೊದಲು ಮಾಡಿದ ಕೆಲಸವೆಂದರೆ, ಕಂಪ್ಯೂಟರ್ ಇದ್ದ ಕೋಣೆಯ ಕಿಟಕಿಗೆ ಗಟ್ಟಿ ಚಿಲಕ ಹಾಕಿಸಿದ್ದು. ಅಪಹರಣವೆಂದರೆ ಯಾರೋ ಬಂದು ಏನನ್ನೋ ಹೊತ್ತೊಯ್ಯುವುದು ಎಂದೇ ಅವರ ತಿಳಿವಳಿಕೆ. ಬಂದವರು ಏನನ್ನೂ ಒಯ್ಯದೆ, ಚಾಪೆ ಹಾಸಿಕೊಂಡು ಇಲ್ಲೇ ಠಿಕಾಣಿ ಹೂಡುವ ಅಪಹರಣವೂ ಉಂಟೆಂದು ಪಾಪ, ಅವರಿಗೆ ಯಾರು ಹೇಳಬೇಕು?

(ಸಾಹೇಬರು ಈಗ ಯಾವ ಕಚೇರಿಗೂ ಸಾಹೇಬರಲ್ಲ. ನಿವೃತ್ತಿಯ ದಿನ ಮೊಹರನ್ನು ಒಪ್ಪಿಸಿ, ಹೆಸರನ್ನು ಮಾತ್ರ ಮನೆಗೆ ತಂದುಕೊಂಡವರು.)

ಅವರ ಹೆಂಡತಿ ನಾಟಕದ ಉಡುಪು ಹೊಲಿಯುವಾಕೆ. ಆವತ್ತು ಸಂಜೆ ಐದರೊಳಗೆ ದೊಡ್ಡ ನಾಟಕ ಮಂಡಳಿಯೊಂದಕ್ಕೆ ಉಡುಪಿನ ಚಿತ್ರಗಳನ್ನು ಕಳಿಸಬೇಕಿತ್ತು. ಮೆಚ್ಚಿಗೆಯಾದರೆ ವರ್ಷವಿಡೀ ಕೆಲಸ. ಫೈಲೋ ಗಜಗಾತ್ರ, ಮಂಡಳಿಯ ವೆಬ್‌ಸೈಟು ಅದನ್ನು ನುಂಗಲೊಲ್ಲದು.

“ನಾನಿದ್ದೀನಲ್ಲ,” ಎಂದರು ಸಾಹೇಬರು.

“ಅದೇ ನನ್ನ ಭಯ,” ಎಂದು ಆಕೆ ಹೊಲಿಗೆ ಯಂತ್ರದತ್ತ ನಡೆದರು.

ಆಕೆ ಒಂದು ಅಂಗಿಗೆ ಗುಂಡಿ ಹಾಕಿ ಬರುವಷ್ಟರಲ್ಲಿ ಸಾಹೇಬರು ಫೈಲು ಕುಗ್ಗಿಸುವ ಉಚಿತ ಸಾಫ್ಟ್‌ವೇರೊಂದನ್ನು ಇಳಿಸಿಕೊಂಡಿದ್ದರು. ಅದು ಏನೇನೋ ಕೇಳಿತು. ಪ್ರತಿ ಪ್ರಶ್ನೆಯ ಪಕ್ಕದ ಚೌಕದಲ್ಲೂ ಮೊದಲೇ ಟಿಕ್ ಬಿದ್ದಿತ್ತು. ಗುಮಾಸ್ತರು ಪೆನ್ಸಿಲಿನಲ್ಲಿ ಟಿಕ್ ಹಾಕಿದಲ್ಲೆಲ್ಲ ಕಣ್ಣು ಮುಚ್ಚಿ ರುಜು ಮಾಡಿಯೇ ಬಡ್ತಿ ಪಡೆದ ಜೀವ ಅದು. ಟಿಕ್ ಇದೆಯೆಂದರೆ ಕೆಳಗಿನವರು ಪರಿಶೀಲಿಸಿದ್ದಾರೆಂದೇ ಅರ್ಥ. ಸಾಹೇಬರು ರಾಜಗಾಂಭೀರ್ಯದಿಂದ ‘ಒಪ್ಪಿದೆ’ಗಳನ್ನು ಒತ್ತುತ್ತಾ ಹೋದರು.

ಫೈಲು ಕುಗ್ಗಲಿಲ್ಲ, ಪರದೆ ಕುಗ್ಗಿತು. ಮೇಲ್ಗಡೆ ಜಾಹೀರಾತಿನ ಪಟ್ಟಿಯ ಮೇಲೆ ಪಟ್ಟಿ ಬಂದು ಕೂತವು. ಮೂಲೆಯಲ್ಲಿ ಯಾವುದೋ ‘ಶುದ್ಧೀಕರಣ ತಜ್ಞ’ ಕಂಪ್ಯೂಟರ್ ಅಪಾಯದಲ್ಲಿದೆಯೆಂದು ಬಾಯಿ ಬಡಿದುಕೊಳ್ಳತೊಡಗಿದ. ಮಂಡಳಿಯ ಹೆಸರು ಕೊಟ್ಟು ಹುಡುಕಿದರೆ, ಬೊಕ್ಕತಲೆಗೆ ಎಣ್ಣೆ ಮಾರುವ ಅಂಗಡಿ ತೆರೆದುಕೊಂಡಿತು.

“ಏನ್ರೀ ಇದು?”

“ಅದಕ್ಕೆ ಹೇಗೆ ಗೊತ್ತಾಯ್ತೋ ಕಾಣೆ,” ಎಂದು ಸಾಹೇಬರು ನೆತ್ತಿ ಸವರಿಕೊಂಡರು.

“ಏನ್ ಒತ್ತಿದ್ರಿ?”

“ನಾನಾಗಿ ಏನೂ ಮಾಡ್ಲಿಲ್ಲ. ಎಲ್ಲಾ ಮೊದಲೇ ಟಿಕ್ ಆಗಿತ್ತು. ನಾನು ಬರೀ ಅನುಮೋದಿಸಿದೆ.”

“ಓದಿದ್ರಾ?”

“ಓದ್ತಾ ಕೂತ್ರೆ ಆಡಳಿತ ನಡೆಯುತ್ತೇನೇ?”

ಆಕೆ ಒಂದು ಜಾಹೀರಾತು ಮುಚ್ಚಿದರೆ ಎರಡು ಹುಟ್ಟುತ್ತಿದ್ದವು. ಚಿತ್ರಗಳೆಲ್ಲ ಆ ಕಂಪ್ಯೂಟರಿನ ಹೊಟ್ಟೆಯೊಳಗೇ. ಯಂತ್ರವೋ ಆಮೆಯನ್ನೂ ನಾಚಿಸುತ್ತಿತ್ತು. ಗಂಟೆ ಐದಾಯಿತು, ಐದು ದಾಟಿತು. ಆಮೇಲೆ ಮಂಡಳಿಯಿಂದ ಫೋನು ಬಂತು.

“ಹೌದು... ಇಲ್ಲ, ತಪ್ಪು ನಮ್ಮದೇ... ಆಯ್ತು,” ಎಂದಷ್ಟೇ ಹೇಳಿ ಆಕೆ ಫೋನು ಕೆಳಗಿಟ್ಟರು. ಕೆಲಸ ಬೇರೆಯವರ ಪಾಲಾಗಿತ್ತು. ಆಕೆ ಬೈಯಲಿಲ್ಲ. ಬೈದಿದ್ದರೆ ಸಾಹೇಬರಿಗೆ ಎಷ್ಟೋ ಹಾಯೆನಿಸುತ್ತಿತ್ತು.

ತಪ್ಪು ಹೊಲಿಗೆ ಬಿಚ್ಚುವ ತಾಳ್ಮೆಯಲ್ಲಿ ಆಕೆ, ವಕ್ಕರಿಸಿದ್ದ ಒಂದೊಂದನ್ನೇ ಕಿತ್ತು ಹಾಕತೊಡಗಿದರು. ‘ನಿಜವಾಗಿಯೂ ತೆಗೆಯಬೇಕೆ?’ ಎಂದು ಪ್ರತಿಯೊಂದೂ ಅಂಗಲಾಚುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಕೂತ ಸಾಹೇಬರು ಪರದೆಯತ್ತ ಇಣುಕಿದರು.

“ಬೇಡದ್ದೆಲ್ಲ ಹೋಯ್ತಾ?”

ಆಕೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಒಳಗಿಂದು ಹೋಯ್ತು. ಕುರ್ಚಿ ಮೇಲಿಂದು ಇನ್ನೂ ಕೂತಿದೆ.”