ಎರಡೇ ಸೀಟಿನ ಕಾರು, ಹಲ್ಲಿರೋ ಬೆಲ್ಟು

ಗ್ಯಾರೇಜಿನ ಶಟರ್ ಎತ್ತಿದರೆ ಸಾಕು, ನಗಿಸೋರು ಒಬ್ಬರಲ್ಲ ಒಬ್ಬರು ತಾವಾಗೇ ಒಳಗೆ ಬರ್ತಾರೆ. ನನಗೋ ಸಿಟ್ಟು ಮೂಗಿನ ತುದೀಲಿ. ಮೊದಲು ಬೈದುಬಿಡ್ತೀನಿ, ಆಮೇಲೆ ಮನೇಲಿ ಊಟಕ್ಕೆ ಕೂತಾಗ ನೆನಪಾಗಿ ಅನ್ನ ನೆತ್ತಿಗೇರುತ್ತೆ. ದಾವಣಗೆರೆಯಲ್ಲಿ ಇಷ್ಟು ವರ್ಷ ಲಾರಿ, ಟ್ರ್ಯಾಕ್ಟರು, ಕಾರು ಅಂತ ಬಿಚ್ಚಿ ಕೂಡಿಸಿದೀನಿ. ಆದರೆ ಮಂಡಿಪೇಟೆಯ ಒಬ್ಬ ಸಾವ್ಕಾರ್ರ ಕಾರು ನಗಿಸಿದಷ್ಟು ಯಾವುದೂ ನಗಿಸಿಲ್ಲ.

ಏನು ಕೆಟ್ಟೈತೆ?

ಸಾವ್ಕಾರ್ರದು ಕಾಳುಕಡಿ ಸಗಟು ವ್ಯಾಪಾರ. ಒಳ್ಳೇ ಮನುಷ್ಯ, ಜೋರಾಗಿ ಮಾತಾಡಿದವರಲ್ಲ. ಪ್ರಾಯದಲ್ಲಿದ್ದಾಗ, ಬಟ್ಟೆ ಗಿರಣಿಯ ಮ್ಯಾನೇಜರ್ ಒಬ್ಬ ಊರು ಬಿಡುವಾಗ ಅವನ ಹೊರದೇಶದ ಸ್ಪೋರ್ಟ್ಸ್ ಕಾರಿಗೆ ಮನಸೋತು ಕೊಂಡುಬಿಟ್ಟಿದ್ದರು. ಕೆಂಪು ಬಣ್ಣ, ಮೇಲಿನ ಟಾಪ್ ಮಡಚೋದು, ಕೂತರೆ ನೆಲಕ್ಕೆ ಕೂತಂಗೆ. ಈಗ ಅದು ಎಂ.ಸಿ.ಸಿ. ಬಡಾವಣೆಯ ಅವರ ಮನೆ ಅಂಗಳದಲ್ಲಿ ತಾಡಪಾಲು ಹೊದ್ದು ಮಲಗಿತ್ತು.

"ಇಷ್ಟು ವರ್ಷ ಬಿಟ್ಟು ಈಗ ಯಾಕ್ರೀ ಇದರ ಉಸಾಬರಿ?" ಅಂದೆ.

"ಮೇಸ್ತ್ರಿ, ಅದ್ರಾಗೆ ಇರೋದು ಎರಡೇ ಸೀಟು. ಒಂದ್ರಾಗೆ ನಾನು, ಇನ್ನೊಂದ್ರಾಗೆ ನಮ್ಮವ್ವ."

"ಮತ್ತೆ ನಿಮ್ಮ ಮನೆಯವ್ರು?"

"ಆಕಿ ಬಸ್ಸಿನಾಗೆ."

ಹೊಸದಾಗಿ ಮದುವೆಯಾದಾಗ ಸೊಸೆ ಸೆರಗು ಸರಿ ಮಾಡ್ಕೊಂಡು ಹೊಸಿಲು ದಾಟೋದ್ರೊಳಗೆ ಅತ್ತೆ ಆ ಸೀಟಲ್ಲಿ ಕೂತಾಗಿರ್ತಿತ್ತಂತೆ. ಸಿನಿಮಾಕ್ಕೂ ಅವ್ವ, ಮದುವೆ ಮುಂಜಿಗೂ ಅವ್ವ. "ಇದೊಂದ್ ಸಲ ಅವ್ವ ಕೂಡ್ಲಿ ಬಿಡೆ" ಅಂತ ಇವರು ಸಮಾಧಾನ ಹೇಳ್ತಾ ಹೋದರು. ಆ ಒಂದ್ ಸಲ ಮುಗಿಯೋ ಮೊದಲೇ ಇಂಜಿನ್ ಮುಗೀತು. ಕಾಲ ಕಳೆದು ಅವ್ವನೂ ಶಿವನ ಪಾದ ಸೇರಿದರು. ಸೊಸೆ ಮಾತ್ರ ಆ ಸೀಟಲ್ಲಿ ಒಂದು ದಿನವೂ ಕೂತಿಲ್ಲ. ಈಗ ಆ ಸೊಸೆ, ಅಂದ್ರೆ ಸಾವ್ಕಾರ್ರ ಮನೆಯ ಅಮ್ಮಾರು, ಕಡ್ಡಿ ಮುರಿದಂಗೆ ಹೇಳಿದ್ದರು: ಶ್ರಾವಣ ಮುಗಿಯೋದ್ರೊಳಗೆ ಕಾರು ನಡೀಬೇಕು, ನಾನು ಅದರಲ್ಲಿ ಕೂತು ಹರಿಹರದ ದೇವರಿಗೆ ಹೋಗಿ ಬರಬೇಕು, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ. ಬರೀ ಮಾತಲ್ಲ. ಗುಜರಿಯವನು ಆಗಲೇ ಒಮ್ಮೆ ಬಂದು ಬಾನೆಟ್ ಬಡಿದು ನೋಡಿ, "ತಗಡು ಗಟ್ಟಿ ಐತಮ್ಮ" ಅಂತ ಹೊಗಳಿ ಹೋಗಿದ್ದ.

ಹೇಳಿ ಮುಗಿಸಿ ಸಾವ್ಕಾರ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಆತು ಬಿಡ್ರಿ, ಮಾಡೋಣ. ಈಗ ಏನು ಕೆಟ್ಟೈತೆ ಹೇಳ್ರಿ" ಅಂದೆ.

"ನನ್ನ ಹೆಸರು ಕೆಟ್ಟೈತೆ. ಕಾರಿಂದು ನೀವೇ ನೋಡ್ಬೇಕು."

ಚೀಲದಲ್ಲಿ ಸಾವ್ಕಾರ್ರ ಹೆಡ್ಡು

ಅವರ ಅಂಗಳದಲ್ಲೇ ಇಂಜಿನ್ ಬಿಚ್ಚಿದೆ. ಇಂಜಿನ್ನಿನ ಮೇಲಿನ ಭಾಗಕ್ಕೆ ನಾವು ಹೆಡ್ಡು ಅಂತೀವಿ. ಅದು ಕಾದು ಸೊಟ್ಟಗಾಗಿತ್ತು. ಅದನ್ನ ಮಟ್ಟ ಮಾಡಿಸೋಕೆ ಹರಿಹರದ ಮಿಷಿನ್ ಶಾಪಿಗೆ ಒಯ್ಯಬೇಕು. ಮಳೆ ಜಿಟಿಜಿಟಿ ಅಂತಿತ್ತು, ಸ್ಕೂಟರ್ ಬ್ಯಾಡ ಅಂತ ಹೆಡ್ಡನ್ನ ಗೋಣಿಚೀಲದಲ್ಲಿ ಹಾಕ್ಕೊಂಡು ಬಸ್ ಹತ್ತಿದೆ. ಪಕ್ಕದಲ್ಲಿ ಹದಡಿ ಕಡೆಯ ಒಬ್ಬ ಅಜ್ಜಿ, ತೊಡೆ ಮೇಲೆ ಮಂಡಕ್ಕಿ ಗಂಟು.

ಅಷ್ಟರಲ್ಲಿ ಮಿಷಿನ್ ಶಾಪಿನವನ ಫೋನು. ಬಸ್ಸಿನ ಗಲಾಟೆಗೆ ನಾನೂ ಕೂಗಿಯೇ ಮಾತಾಡಿದೆ.

"ಹೂನಪ್ಪಾ, ಬಸ್ಸಿನಾಗಿದೀನಿ. ಸಾವ್ಕಾರ್ರ ಹೆಡ್ಡು ತರ್ತಿದೀನಿ... ಬೆಳಿಗ್ಗೆನೇ ಬಿಚ್ಚಿದೆ. ಸಲೀಸಾಗಿ ಬರ್ಲಿಲ್ಲ, ಸುತ್ತಿಗೆ ತಗೊಂಡು ನಾಕು ಬಿಟ್ಟ ಮೇಲೆ ಬಂತು... ಚೀಲದಾಗೆ ಹಾಕ್ಕೊಂಡೀನಿ... ಬಾಡಿ ಅಲ್ಲೇ ಮನೆ ಅಂಗಳದಾಗೈತೆ, ತಾಡಪಾಲು ಮುಚ್ಚಿ ಬಂದೀನಿ."

ಫೋನ್ ಇಟ್ಟು ನೋಡ್ತೀನಿ, ಅಜ್ಜಿ ಇಲ್ಲ. ಮಂಡಕ್ಕಿ ಗಂಟು ಮಾತ್ರ ಐತೆ. ಅಜ್ಜಿ ಮುಂದೆ ಕಂಡಕ್ಟರ್ ಕಿವಿಗೆ ಬಾಯಿ ಇಟ್ಟು, ನನ್ನ ಚೀಲದ ಕಡೆ ಕಣ್ಣು ಮಾಡ್ತಿತ್ತು. ಚೀಲದಿಂದ ಕರೀ ಆಯಿಲ್ ಬೇರೆ ತೊಟ್ಟಿಕ್ಕಿ ಕಾಲುವೆ ಕಟ್ಟಿತ್ತು.

ಕಂಡಕ್ಟರ್ ಬಂದು ದೂರದಲ್ಲೇ ನಿಂತ. "ಯಜಮಾನ್ರೇ, ಚೀಲ ಬಿಚ್ಚಿ ತೋರಿಸ್ರಿ."

ನನಗೆ ಸಿಟ್ಟು ಬಂತು. "ಸಾವ್ಕಾರ್ರ ಹೆಡ್ಡು ತಗೊಂಡು ನೀವೇನ್ ಮಾಡ್ತೀರ್ರಿ?" ಅಂದೆ. ಬಸ್ಸಿಗೆ ಬಸ್ಸೇ ಹಿಂದಕ್ಕೆ ಸರೀತು. ಡ್ರೈವರ್ ಗಾಡಿ ಬದಿಗೆ ಹಾಕಿದ. ಆಗ ನನಗೆ ಅರ್ಥವಾಗಿ, ಗಡಬಡಿಸಿ ಚೀಲ ಬಿಚ್ಚಿ ಆ ಅಲ್ಯೂಮಿನಿಯಂ ಗಡ್ಡೇನ ಎಲ್ಲರಿಗೂ ತೋರಿಸಿದೆ.

ಅಜ್ಜಿ, "ಅಯ್ಯ ಶಿವನೇ, ಕಬ್ಬಿಣದ್ದಾ!" ಅಂತ ವಾಪಸ್ ಬಂದು ಕೂತಿತು. ಕಂಡಕ್ಟರ್ ಮಾತ್ರ ಟಿಕೆಟ್ ಮಿಷಿನ್ ತೆಗೆದ.

"ತಲೆ ಆಗಿದ್ರೆ ಸ್ಟೇಷನ್ನಿಗೆ ಒಯ್ತಿದ್ದೆ. ಇದು ಸಾಮಾನು. ಲಗೇಜ್ ಟಿಕೆಟ್ ತಗೊಳ್ರಿ."

ಹೊಟ್ಟೆಗೆ ಬೆಲ್ಟು

ಈ ಇಂಜಿನ್ನಿಗೆ ಟೈಮಿಂಗ್ ಬೆಲ್ಟ್ ಬೇಕು. ಒಳಮೈಗೆಲ್ಲ ಹಲ್ಲಿರೋ ರಬ್ಬರ್ ಪಟ್ಟಿ ಅದು. ಇಂಜಿನ್ನಿನ ಕೆಳಗಿನ ಚಕ್ರ, ಮೇಲಿನ ಚಕ್ರ ಎರಡನ್ನೂ ಹೊಂದಿಸಿ ತಿರುಗಿಸ್ತತೆ. ಇಡೀ ಮಂಡಿಪೇಟೆ ಹುಡುಕಿದರೂ ಗಿರಣಿ ಬೆಲ್ಟು ಸಿಕ್ಕಿತೇ ಹೊರತು ಇದು ಸಿಗಲಿಲ್ಲ. ಕೊನೆಗೆ ಸಾವ್ಕಾರ್ರು ಎಲ್ಲಿಂದಲೋ ಕೊರಿಯರ್‌ನಲ್ಲಿ ತರಿಸಿದರು.

ಪಾರ್ಸೆಲ್ ಬಂದ ದಿನ ಅಮ್ಮಾರ ಫೋನು.

"ಮೇಸ್ತ್ರಿ, ನಿಮ್ಮನ್ನೊಂದು ಕೇಳ್ಬೇಕಿತ್ತು. ನಮ್ಮನೆಯವ್ರು ಹೊಟ್ಟೆ ಕರಗಿಸೋ ಬೆಲ್ಟ್ ತರಿಸ್ಯಾರೆ, ಟೀವಿಯಾಗೆ ತೋರಿಸ್ತಾರಲ್ಲ, ಅದು. ಎಷ್ಟು ಜಗ್ಗಿದ್ರೂ ಇವ್ರ ತೊಡೆ ದಾಟವಲ್ದು. ಒಳಗೆ ಹಲ್ಲು ಬೇರೆ ಅದಾವೆ. ಇದನ್ನ ಮೇಲಿಂದ ಹಾಕ್ಬೇಕೋ, ಕೆಳಗಿಂದ ಹಾಕ್ಬೇಕೋ?"

"ಅಮ್ಮಾರೇ, ಜಗ್ಗಬ್ಯಾಡ್ರಿ!" ನಾನು ಎದ್ದೇ ನಿಂತುಬಿಟ್ಟೆ. "ಅದು ಇಂಜಿನ್ನಿಂದು! ಮಡಚಬ್ಯಾಡ್ರಿ, ತಿರುಚಬ್ಯಾಡ್ರಿ, ಮೊದ್ಲು ಸಾವ್ಕಾರ್ರ ಕಾಲಿಂದ ಹೊರಗೆ ತೆಗೀರಿ!"

"ಅಯ್ಯೋ ನನ್ ಶಿವನೇ! ಬೆಳಿಗ್ಗೆಯಿಂದ ಇದೇ ಕುಸ್ತಿ ಹಿಡಿದೀವಲ್ರಿ!"

"ಸಾವ್ಕಾರ್ರೇ ತರಿಸಿದ ಬೆಲ್ಟು, ಅವ್ರಿಗೆ ಗೊತ್ತಿಲ್ವೇನ್ರಿ? ಬ್ಯಾಡ ಅನ್ಲಿಲ್ವಾ?"

ಆ ಕಡೆ ಗುಸುಗುಸು ಮಾತು. ಆಮೇಲೆ ಅಮ್ಮಾರು ದನಿ ತಗ್ಗಿಸಿ ಹೇಳಿದರು: "ಗೊತ್ತಿತ್ತಂತೆ. ನಾನು ಇಷ್ಟು ಹತ್ರ ಬಂದು ನಕ್ಕೊಂಡು ಮಾತಾಡ್ಸಿ ಭಾಳ ದಿನ ಆಗಿತ್ತಂತೆ. ಅದಕ್ಕೇ ಸುಮ್ನೆ ನಿಂತಿದ್ರಂತೆ."

ಯಾವುದು ಟೈಮಿಂಗು, ಯಾವುದು ಭಕ್ತಿ?

ಬೆಲ್ಟ್ ಹಾಕೋ ದಿನ ಶ್ರಾವಣ ಸೋಮವಾರ. "ನೋಡ್ರಿ ಸಾವ್ಕಾರ್ರೇ, ಟೈಮ್ ಸರಿ ಕೂಡಬೇಕು. ಟೈಮ್ ಸರಿ ಇಲ್ಲಾಂದ್ರೆ ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿದು ಎಲ್ಲಾ ಸರ್ವನಾಶ" ಅಂತ ಹೇಳಿದೆ. ಮೇಲಿನ ಚಕ್ರಕ್ಕೊಂದು, ಕೆಳಗಿನ ಚಕ್ರಕ್ಕೊಂದು ಬಿಳೀ ಸುಣ್ಣದಕಡ್ಡಿ ಗೆರೆ ಎಳೆದು ಗುರುತು ಮಾಡಿ, ಚಹಾ ಕುಡಿಯೋಕೆ ಹೋದೆ.

ಬಂದು ನೋಡಿದರೆ ಎರಡು ಚಕ್ರಕ್ಕೂ ಮೂರು ಮೂರು ಗೆರೆ! ಸಾವ್ಕಾರ್ರು ಪೂಜೆ ಮುಗಿಸಿ ಒದ್ದೆ ಕೈಲಿ ವಿಭೂತಿ ಬಳಿದು, ಕೈ ಮುಗಿದು ನಿಂತಿದ್ದರು.

"ಏನ್ರೀ ಇದು!"

"ನೀವೇ ಅಂದ್ರಲ್ಲ, ಟೈಮ್ ಸರಿ ಇಲ್ಲ ಅಂದ್ರೆ ಸರ್ವನಾಶ ಅಂತ. ನಂದು ಟೈಮ್ ಸರಿ ಇಲ್ಲದ್ದು ಇವತ್ತಿಂದಲ್ಲ ಮೇಸ್ತ್ರಿ. ಅದಕ್ಕೇ ಶಿವನ ಮೇಲೆ ಭಾರ ಹಾಕಿದೆ."

"ಭಾರ ಹಾಕ್ರಿ, ಬ್ಯಾಡ ಅನ್ನಲ್ಲ. ಇದ್ರಾಗೆ ಯಾವುದು ನನ್ನ ಟೈಮಿಂಗು, ಯಾವುದು ನಿಮ್ಮ ಭಕ್ತಿ, ಅದನ್ನ ಹೇಳ್ರಿ!"

ಅವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಮುಖ ಸಣ್ಣಗಾಯಿತು. ವಿಭೂತಿ ಒರೆಸ್ರಿ ಅಂತ ಹೇಳೋಕೆ ಅವರಿಗೆ ಬಾಯಿಲ್ಲ, ಒರೆಸೋಕೆ ನನಗೆ ಧೈರ್ಯ ಇಲ್ಲ. ಬಾಗಿಲಲ್ಲಿ ನಿಂತು ಎಲ್ಲ ನೋಡ್ತಿದ್ದ ಅಮ್ಮಾರು ಒಂದು ಚೊಂಬು ನೀರು ತಂದು, "ಅಭಿಷೇಕ ಅಂತ ಹುಯ್ಯಿರಿ, ಪಾಪ ಬರಲ್ಲ" ಅಂದರು. ತೊಳೆದ ಮೇಲೆ ಕಂಪನಿಯವರು ಕೊರೆದಿದ್ದ ಹಳೇ ಗುರುತು ಸಣ್ಣಗೆ ಕಂಡಿತು. ನಾನು ನಿಟ್ಟುಸಿರು ಬಿಟ್ಟು, "ಮೂರು ಗೆರೆಯಾಗೆ ನಡುವಿಂದೇ ನಂದು ಇರ್ಬೇಕು ಅಂತ ನನಗೂ ಅನುಮಾನ ಇತ್ತು" ಅಂದೆ.

ಅಮ್ಮಾರು ಚೊಂಬು ಎತ್ತಿಕೊಂಡು ಒಳಗೆ ಹೋಗ್ತಾ, "ಈ ಕಾರಿನ ವಿಷಯದಾಗೆ ನಡುವೆ ಬರೋರು ಮೊದ್ಲಿಂದ್ಲೂ ಜಾಸ್ತಿ" ಅಂದರು.

ಹರಿಹರದಿಂದ ವಾಪಸ್

ಕಾರು ಸ್ಟಾರ್ಟ್ ಆಯಿತು. ಒಮ್ಮೆ ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಎಂಥಾ ದನಿ ಅಂತೀರಿ! ಸಾವ್ಕಾರ್ರು ನನ್ನ ಗ್ರೀಸ್ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆ ದಿನ ನಾನು ಯಾರನ್ನೂ ಬೈಯಲಿಲ್ಲ.

ಶ್ರಾವಣದ ಕೊನೇ ಸೋಮವಾರ ಇಬ್ಬರೂ ಹರಿಹರಕ್ಕೆ ಹೊರಟರು. ಅಮ್ಮಾರು ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಆ ಸೀಟಿನ ಮುಂದೆ ಒಂದು ಗಳಿಗೆ ನಿಂತರು. ಕೈಯಿಂದ ಸೀಟು ಸವರಿದರು. ಆಮೇಲೆ ಕೂತರು. ಹೊಸದಾಗಿ ಕೂಡಿಸಿದ ಇಂಜಿನ್ನಿನ ಮೇಲೆ ನನಗಿನ್ನೂ ನಂಬಿಕೆ ಬಂದಿರಲಿಲ್ಲ. ಸ್ಪ್ಯಾನರು ತುಂಬಿದ ಪಾನಾ ಚೀಲ ಹಾಕ್ಕೊಂಡು ಸ್ಕೂಟರಿನಲ್ಲಿ ಹಿಂದೆ ಹೋದೆ. ಕಾರು ಎಲ್ಲೂ ನಿಲ್ಲಲಿಲ್ಲ. ದೇವರ ದರ್ಶನ ಆಯಿತು. ಊಟಕ್ಕೆ ಅಲ್ಲೇ ಹರಿಹರದಲ್ಲಿರೋ ಸಾವ್ಕಾರ್ರ ಅಕ್ಕನ ಮನೆಗೆ ಹೋದೆವು.

ಅಕ್ಕ ಅಂದರೆ ಅವ್ವನ ಪಡಿಯಚ್ಚಂತೆ, ರೂಪಕ್ಕೂ ಸೈ, ಗತ್ತಿಗೂ ಸೈ. ಊಟ ಮುಗಿಸಿ ಹೊರಡೋ ಹೊತ್ತಿಗೆ ಅವರೂ ಬ್ಯಾಗ್ ಹಿಡ್ಕೊಂಡು ಹೊರಗೆ ಬಂದರು.

"ತಮ್ಮಾ, ನಾನೂ ದಾವಣಗೆರೆಗೆ ಬರ್ತೀನಿ. ಆ ಸೀಟು ನಮ್ಮವ್ವಂದು. ಅವ್ವ ಹೋದ ಮ್ಯಾಲೆ ಅದು ಮಗಳಿಗೇ ಬರ್ಬೇಕು. ನಾನೂ ಒಮ್ಮೆ ಕೂಡ್ತೀನಿ."

ಅಮ್ಮಾರು ಆಗಲೇ ಸೀಟಲ್ಲಿ ಕೂತಾಗಿತ್ತು. ಸಾವ್ಕಾರ್ರು ಅಕ್ಕನ ಮುಖ ನೋಡಿದರು, ಹೆಂಡತಿ ಮುಖ ನೋಡಿದರು. ಹಳೇ ಚಾಳಿ, ಬಾಯಿ ತಾನಾಗೇ ತೆರೀತು: "ಇದೊಂದ್ ಸಲ ಅಕ್ಕ ಕೂಡ್ಲಿ ಬಿ..." ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು. ಆಗಲೇ ತಡವಾಗಿತ್ತು. ಮುಗೀತು ಕಥೆ, ನಾಳೆ ಗುಜರಿಯವನೇ ಬರ್ತಾನೆ ಅಂದ್ಕೊಂಡೆ ನಾನು.

ಅಮ್ಮಾರು ಸಿಟ್ಟಾಗಲಿಲ್ಲ. ನಗುನಗ್ತಾ, "ಅಕ್ಕಾರು ಬರ್ಲೇಬೇಕು. ನಮ್ಮನೀಗೆ ಬಂದು ಭಾಳ ದಿನ ಆತು" ಅಂದರು. ಸಾವ್ಕಾರ್ರ ಮುಖಕ್ಕೆ ಜೀವ ಬಂತು. ಅಷ್ಟರಲ್ಲಿ ಅಮ್ಮಾರು ನನ್ನ ಕಡೆ ತಿರುಗಿದರು: "ಮೇಸ್ತ್ರಿ, ಸ್ಕೂಟರಿನ ಚಾವಿ ಇವ್ರಿಗೆ ಕೊಡ್ರಿ. ಅಕ್ಕನ್ನ ತಮ್ಮ ಕರ್ಕೊಂಡು ಬರ್ಲಿ. ನೀವು ಕಾರ್ ಹೊಡೀರಿ."

ನಾನು ಚಾವಿ ಕೊಟ್ಟೆ.

ಊರು ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದೆ. ರೇಷ್ಮೆ ಅಂಗಿ ತೊಟ್ಟ ಸಾವ್ಕಾರ್ರು ನನ್ನ ಡಕೋಟಾ ಸ್ಕೂಟರಿನ ಮೇಲೆ, ಹಿಂದೆ ಅಕ್ಕ ನನ್ನ ಪಾನಾ ಚೀಲ ತಬ್ಬಿಕೊಂಡು. ಪಾಪ ಅನ್ನಿಸಿತು. ತಡೀಲಾರದೆ ಕೇಳೇಬಿಟ್ಟೆ.

"ಅಮ್ಮಾರೇ, ನಿಮ್ಮನ್ನ ಪಕ್ಕದಾಗೆ ಕೂಡ್ಸ್ಕೊಂಡು ಹೋಗ್ಬೇಕು ಅಂತ ಸಾವ್ಕಾರ್ರು ಇಷ್ಟೆಲ್ಲಾ ಮಾಡ್ಸಿದ್ರು. ಈಗ ಅವ್ರನ್ನೇ ಇಳಿಸಿಬಿಟ್ರಲ್ಲ?"

ಅಮ್ಮಾರು ಗಾಳಿಗೆ ಹಾರೋ ಸೆರಗನ್ನ ಸೊಂಟಕ್ಕೆ ಸಿಗಿಸಿಕೊಂಡು, ಸೀಟಿಗೆ ಒರಗಿದರು.

"ಗಂಡ ದಿನಾ ಸಿಗ್ತಾರ್ರಿ, ಎಲ್ಲಿಗೆ ಹೋಗ್ತಾರೆ? ಈ ಸೀಟು ಒಮ್ಮೆ ಬಿಟ್ರೆ ಸಿಗಂಗಿಲ್ಲ. ನೀವು ಸ್ವಲ್ಪ ಜೋರಾಗಿ ಹೊಡೀರಿ, ಸ್ಕೂಟರ್ ಹತ್ರ ಬರಾಕತ್ತೈತೆ."