ಗುಡುಗಣ್ಣ ಮೆತ್ತಗಾದದ್ದು

ಗಾಯಕನ ಗಂಟಲು ಕಟ್ಟಿದ್ದೇ ಎಲ್ಲಕ್ಕೂ ಮೂಲವಾಯಿತು. ವರ್ಷಗಟ್ಟಲೆ ಮೈಕನ್ನು ನುಂಗುವವನಂತೆ ಅರಚಿದವನಿಗೆ ವೈದ್ಯರು, "ಇನ್ನು ಕಿರುಚಿದರೆ ಮಾತೂ ಹೋದೀತು" ಎಂದುಬಿಟ್ಟರು. ರಾಕ್ ತಂಡಕ್ಕೆ ಅವನೇ ಯಜಮಾನ. ಹೀಗಾಗಿ ಅವನ ಗಂಟಲಿನ ಜೊತೆಗೆ ಇಡೀ ತಂಡದ ಧಾಟಿಯೇ ಬದಲಾಗಬೇಕಾಯಿತು.

ಒಂದು ಬೆಳಿಗ್ಗೆ ತಂಡದಲ್ಲಿ ಡ್ರಮ್ ಬಾರಿಸುವವನಿಗೆ ಗಾಯಕನ ಫೋನು ಬಂತು. ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ಗುಡುಗಣ್ಣ ಎಂದೇ.

"ಗುಡುಗಣ್ಣಾ, ಹೊಸ ಆಲ್ಬಮ್ಮಲ್ಲಿ ಎಲ್ಲಾ ಮೆತ್ತಗೆ. ಹೂವಿನ ಮೇಲೆ ದುಂಬಿ ಕೂತ ಹಾಗಿರ್ಬೇಕು."

"ನಾನೇನು ಮಾಡ್ಲಪ್ಪ?"

"ನೀನೂ ದುಂಬಿ ಆಗು. ಸಂಜೆ ರೆಕಾರ್ಡಿಂಗು. ಆಗ್ಲಿಲ್ವೋ, ಡ್ರಮ್ಮೇ ಬೇಡ ಅಂತಿದಾರೆ ಉಳಿದೋರು."

ಗುಡುಗಣ್ಣ ಫೋನು ಕೆಳಗಿಟ್ಟ. ಡ್ರಮ್ ಬಿಟ್ಟರೆ ಅವನಿಗೆ ಬೇರೆ ಕಸುಬು ತಿಳಿಯದು. ದೇವರು ಅವನಿಗೆ ತೋಳುಗಳನ್ನು ಧಾರಾಳವಾಗಿ ಕೊಟ್ಟಿದ್ದ. ನಯವನ್ನು ಕೊಡಲು ಮಾತ್ರ ಮರೆತಿದ್ದ.

ಅವನು ಬಾಗಿಲು ಹಾಕಿಕೊಂಡು, ಡ್ರಮ್ಮುಗಳಿಗೆ ಕಂಬಳಿ ಹೊದಿಸಿ, ಕೋಲುಗಳಿಗೆ ಕಾಲುಚೀಲ ತೊಡಿಸಿ ಅಭ್ಯಾಸಕ್ಕೆ ಕುಳಿತ.

ಕೆಳಮನೆಯ ಅಜ್ಜಿ ದಿನವೂ ಪೊರಕೆಯ ಹಿಡಿಯಿಂದ ಚಾವಣಿ ಕುಟ್ಟಿ "ನಿಲ್ಸೋ!" ಎನ್ನುವವರು. ಅಂದು ಪೊರಕೆ ಹಿಡಿದು ಕಾದು ಕಾದು ಗಾಬರಿಯಾದರು. ಎದುರುಮನೆಯ ದರ್ಜಿಯನ್ನು ಕೂಗಿದರು.

"ಮೇಲೆ ಸದ್ದೇ ಇಲ್ಲ ಕಣೋ! ಹುಡುಗ ಇದಾನೋ ಇಲ್ವೋ!"

"ನಿನ್ನೆ ಅವನ ಮುಖ ನೋಡಿದಾಗ್ಲೇ ಅಂದ್ಕೊಂಡೆ ಅಜ್ಜಿ."

"ಏನಂದ್ಕೊಂಡೆ?"

"ಅದೇ... ಏನೋ ಒಂದು."

ಇಬ್ಬರೂ ಮಹಡಿ ಹತ್ತಿ ಬಾಗಿಲಿಗೆ ಮೈಕೊಟ್ಟರು. ಅಗುಳಿ ಕಿತ್ತು ದರ್ಜಿ ಸೀದಾ ದೊಡ್ಡ ಡ್ರಮ್ಮಿನ ಮೇಲೆ ಬಿದ್ದ. ಬೀದಿ ನಡುಗಿತು.

"ಸದ್ಯ, ಬದುಕಿದಾನೆ!" ಎಂದು ಅಜ್ಜಿ ಕೈಮುಗಿದರು.

ವಿಷಯ ತಿಳಿದ ಮೇಲೆ ಇಬ್ಬರೂ ಗುರುಗಳಾದರು.

"ಮಗೂನ ಮಲಗಿಸೋವಾಗ ಬೆನ್ನು ತಟ್ತಾರಲ್ಲ, ಹಾಗೆ ತಟ್ಟು. ತಗೋ, ಇವನ ಬೆನ್ನಿದೆ" ಎಂದು ಅಜ್ಜಿ ದರ್ಜಿಯನ್ನು ಮುಂದೆ ತಳ್ಳಿದರು.

ಮೊದಲ ತಟ್ಟಿಗೆ ದರ್ಜಿಯ ಬಾಯಲ್ಲಿದ್ದ ಸೂಜಿ ಹಾರಿ ಗೋಡೆಗೆ ನಾಟಿಕೊಂಡಿತು.

"ಇದೇನು ಮಗು ಮಲಗ್ಸೋದಾ? ಮೆತ್ತಗೋ, ಮಾರಾಯ!" ಎಂದ ದರ್ಜಿ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ದರ್ಜಿಯ ಬೆನ್ನು ಕೆಂಪಾಯಿತು. ಸಂಜೆಗೆ ಮುಂಚೆಯೇ ಅವನು ಗೊರಕೆ ಹೊಡೆಯತೊಡಗಿದ. ವಿದ್ಯೆ ಕೈಗೆ ಹತ್ತಿತ್ತು!

ಸ್ಟುಡಿಯೋದಲ್ಲಿ ಡ್ರಮ್ಮಿಗೆ ಬೇರೆಯೇ ಒಂದು ಮುಚ್ಚಿದ ಕೋಣೆ; ಒಳಗಿದ್ದವನು ಹೊರಗಿನವರಿಗೆ ಕಾಣುವುದಿಲ್ಲ. ಹಾಡು ಶುರುವಾಯಿತು. ಗುಡುಗಣ್ಣ ಉಸಿರು ಬಿಗಿಹಿಡಿದು, ಇರುವೆ ಚಪ್ಪಲಿ ಬಿಚ್ಚಿಟ್ಟು ನಡೆದಂತೆ ಬಾರಿಸಿದ. ಮೈಯೆಲ್ಲ ಬೆವರಿತು. ಒಂದು ತಾಳವೂ ತಪ್ಪಲಿಲ್ಲ.

ಹಾಡು ಮುಗಿಯುತ್ತಲೇ ಗಾಯಕ ಓಡಿಬಂದು ಅವನನ್ನು ತಬ್ಬಿಕೊಂಡ. ಕಣ್ಣಲ್ಲಿ ನೀರು.

"ಎಂಥಾ ದೊಡ್ಡ ಮನಸ್ಸೋ ನಿಂದು! ಡ್ರಮ್ಮಿಲ್ದೆ ಹಾಡು ಎಷ್ಟು ಚೆನ್ನಾಗಿ ಬಂತು! ನಿಂಗೆ ನೇರವಾಗಿ ಹೇಗಪ್ಪಾ ಹೇಳೋದು ಅಂತ ಒದ್ದಾಡ್ತಿದ್ವಿ. ನೀನೇ ಅರ್ಥ ಮಾಡ್ಕೊಂಡು ಕೈಕಟ್ಟಿ ಕೂತೆಯಲ್ಲ!"

"ಅಯ್ಯೋ, ನಾನು ಬಾರಿಸಿದೀನಿ ಕಣೋ!"

"ಇಲ್ಲಣ್ಣ, ಡ್ರಮ್ಮಿನ ಸದ್ದು ತೋರ್ಸೋ ಮೀಟರಿನ ಮುಳ್ಳು ಅಲ್ಲಾಡ್ಲೇ ಇಲ್ಲ" ಎಂದ ರೆಕಾರ್ಡಿಂಗ್‌ನವನು.

ಗುಡುಗಣ್ಣನಿಗೆ ರೋಷ ಉಕ್ಕಿತು. ಕೋಲಿಗೆ ತೊಡಿಸಿದ್ದ ಕಾಲುಚೀಲ ಕಿತ್ತೆಸೆದು, ಕೈಯೆತ್ತಿ, ತನ್ನ ಹಳೆಯ ಪೆಟ್ಟೊಂದನ್ನು ಕೊಟ್ಟ. ಕಿಟಕಿಯ ಗಾಜು ಬಿರಿಯಿತು, ರೆಕಾರ್ಡಿಂಗ್‌ನವನು ಮೇಜಿನಡಿ ಸೇರಿದ.

ಗಾಯಕ ಕಿವಿಯಿಂದ ಬೆರಳು ತೆಗೆದು ಮೆಲ್ಲಗೆ ಹೇಳಿದ:

"ನೋಡಿದ್ಯಾ? ಇದಕ್ಕೇ ನಾವು ಹೆದರ್ತಿದ್ದದ್ದು."