ಏಳನೆಯ ಕುಳಿಯ ಬಾವುಟದ ಕೋಲು ಮುರಿದವನ ಉತ್ತರ

ಮಾನ್ಯರೇ,

ಶುಭ್ರಶಿಲಾ ಸಿಮೆಂಟ್ ಕಂಪನಿಯ ಅಧಿಕಾರಿಗಳ ಗಾಲ್ಫ್ ಕ್ಲಬ್ಬಿನ ಗೌರವ ಕಾರ್ಯದರ್ಶಿಗಳೂ, ಹುಲ್ಲಿನ ಪಾಲಕರೂ, ಈ ಸಾಲಿನ ‘ವನ್ಯಸ್ನೇಹಿ ಮೈದಾನ’ ಪ್ರಶಸ್ತಿಯ ಪುರಸ್ಕೃತರೂ ಆದ ಶ್ರೀ ಅಜಯಕುಮಾರ ಅವರ ಸನ್ನಿಧಿಗೆ, ಚಿತ್ತಾಪುರದ ದನದ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಕಂಪೌಂಡರನಾಗಿ ಎಮ್ಮೆಗಳಿಂದ ಒದೆ ತಿಂದು ನಿವೃತ್ತನಾದ ಅಂಬರಾಯ ಮಾಡುವ ಅನಂತ ನಮಸ್ಕಾರಗಳು.

ತಮ್ಮ ನೋಟಿಸು ತಲುಪಿತು. ನಾನು ಅಪ್ಪಣೆಯಿಲ್ಲದೆ ಮೈದಾನ ಹೊಕ್ಕೆನೆಂದೂ, ಟಯರಿನ ಚಪ್ಪಲಿ ಮೆಟ್ಟಿಕೊಂಡು ಹುಲ್ಲಿನ ಮೇಲೆ ನಡೆದೆನೆಂದೂ, ಏಳನೆಯ ಕುಳಿಯಲ್ಲಿ ನೆಟ್ಟಿದ್ದ ಬಾವುಟದ ಬಿದಿರಿನ ಕೋಲನ್ನು ಕಿತ್ತು ಸೀಳಿದೆನೆಂದೂ ತಾವು ಬರೆದಿದ್ದೀರಿ. ಮೂರೂ ನಿಜ. ಬಾವುಟದ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹರಿದದ್ದು ತಮ್ಮ ಗಮನಕ್ಕೆ ಬಂದಂತಿಲ್ಲ; ದಯವಿಟ್ಟು ಅದನ್ನೂ ಸೇರಿಸಿಕೊಳ್ಳಬೇಕು. ನೋಟಿಸು ನನಗೊಬ್ಬನಿಗೇ ಬಂದಿದ್ದರೂ ಉತ್ತರವನ್ನು ಬಹಿರಂಗವಾಗಿ ಬರೆಯುತ್ತಿರುವುದು, ತಮ್ಮಂಥವರ ಕೀರ್ತಿ ಕಂಪನಿಯ ಕಾಂಪೌಂಡಿನೊಳಗೇ ಉಳಿಯದೆ ವಾಡಿ, ಶಹಾಬಾದ, ಸೇಡಂವರೆಗೂ ಹೋಗಲಿ ಎಂಬ ಒಂದೇ ಆಸೆಯಿಂದ.

ಮೊದಲು ತಮ್ಮ ಹುಲ್ಲಿನ ವಿಷಯ. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಬೇವಿನ ಎಲೆಯ ಮೇಲೂ ಬೂದಿಬಣ್ಣದ ಧೂಳು ಕೂತಿರುತ್ತದೆ. ಅಂಥ ನೆಲದಲ್ಲಿ ತಾವು ಹಳೆಯ ಗಣಿಯ ನೀರನ್ನು ಮೋಟಾರಿನಿಂದ ಎತ್ತಿ ನಲವತ್ತು ಎಕರೆ ಮಖಮಲ್ಲು ಬೆಳೆಸಿದ್ದೀರಿ. ಸುತ್ತಲಿನ ಬರಿದಾದ ಹೊಲಗಳ ಜಿಂಕೆ, ಅಂದರೆ ನಮ್ಮ ಕಡೆಯ ಚಿಗರಿ, ಮೊಲ, ನವಿಲುಗಳು ಅದನ್ನು ಹುಲ್ಲೆಂದೇ ತಪ್ಪು ತಿಳಿದು ಮೇಯಲು ಬಂದವು. ಅವುಗಳ ತಿಳಿವಳಿಕೆ ಅಷ್ಟೇ. ತಾವು ಬಲೆ ಕಟ್ಟಿಸಿ ತಿಳಿಹೇಳಿದಿರಿ. ಎರಡು ನವಿಲು ಅದರಲ್ಲೇ ರೆಕ್ಕೆ ಬಡಿದು ಬಡಿದು ಸತ್ತವು. ಪಟಾಕಿ ಹಾರಿಸಿ ತಿಳಿಹೇಳಿದಿರಿ. ಕೊನೆಗೆ, ತಿಳಿಹೇಳುವ ಬೇಸರವನ್ನೇ ಮೋಜು ಮಾಡಿಕೊಂಡು, ಭಾನುವಾರದ ಆಟದಲ್ಲಿ ಓಡುವ ಪ್ರಾಣಿಗೆ ಚೆಂಡು ಹೊಡೆದವರಿಗೆ ಹೆಚ್ಚಿನ ಅಂಕವೆಂದು ಹೊಸ ನಿಯಮ ತಂದಿರಿ. ಜಗತ್ತಿನ ಬೇರೆ ಗಾಲ್ಫ್ ಮೈದಾನಗಳಲ್ಲಿ ಕುಳಿಗಳು ಇದ್ದಲ್ಲೇ ಇರುತ್ತವಂತೆ. ಉಸಿರಾಡುವ, ಓಡಾಡುವ ಗುರಿಯನ್ನು ಕಂಡುಹಿಡಿದ ಹಿರಿಮೆ ನಮ್ಮ ತಾಲೂಕಿಗೆ ದಕ್ಕಿದ್ದು ತಮ್ಮಿಂದ.

ಈಗ ಆ ಭಾನುವಾರದ ವಿಷಯ. ಏಳನೆಯ ಕುಳಿಯ ಸುತ್ತಲಿನ ಹುಲ್ಲನ್ನು ಒಂಬತ್ತು ವರ್ಷಗಳಿಂದ ಕತ್ತರಿಸಿ, ನೀರುಣಿಸಿ ಸಾಕಿದವರು ಸೈದಾನಬೀ. ತಾವು ಅವರನ್ನು ‘ಏ’ ಎಂದು ಕರೆಯುವುದರಿಂದ ಹೆಸರು ತಿಳಿದಿರಲಿಕ್ಕಿಲ್ಲವೆಂದು ಬರೆದಿದ್ದೇನೆ. ಬೆಳಗಿನ ಎಂಟರ ಹೊತ್ತಿಗೆ ಹೆಣ್ಣು ಚಿಗರಿಯೊಂದು ಅಲ್ಲಿ ಮೇಯುತ್ತಿತ್ತು. ತುಂಬಿದ ಹೊಟ್ಟೆ, ಓಡುವ ಸ್ಥಿತಿಯಲ್ಲಿರಲಿಲ್ಲ. ತಮ್ಮ ಮೊದಲ ಚೆಂಡು ಅದರ ಮುಂದೆ ಬಿತ್ತು. ತಾವು ನಕ್ಕು, ಕೈಯ ಕೋಲನ್ನು ಬದಲಿಸಿ, ಇನ್ನೊಂದು ಚೆಂಡು ಇಟ್ಟಿರಿ.

“ಹೊಡೀಬ್ಯಾಡ್ರಿ ಸಾಬ್! ಅದರ ಹೊಟ್ಟ್ಯಾಗ ಮರಿ ಅದ!” ಎಂದು ಸೈದಾನಬೀ ಕೂಗಿದರು.

ಆಟದ ಏಕಾಗ್ರತೆ ಎಂಬುದು ದೊಡ್ಡದು, ತಮಗೆ ಕೇಳಿಸಲಿಲ್ಲ. ಚೆಂಡು ಹಿಂಗಾಲಿಗೆ ಬಡಿದು ಚಿಗರಿ ಕುಸಿಯಿತು. ತಮ್ಮ ಜೊತೆಗಿದ್ದ ಅತಿಥಿಗಳು ತಂತಮ್ಮ ಸರದಿಗೆಂದು ಕೋಲು ಎತ್ತಿದಾಗ ಸೈದಾನಬೀ ಓಡಿಹೋಗಿ ನಡುವೆ ಕೂತರು, ತಲೆಯ ಮೇಲಿನ ಓಢಣಿ ತೆಗೆದು ಚಿಗರಿಯ ಕಣ್ಣು ಮುಚ್ಚಿದರು. ಚಿಗರಿ ನೋವಿಗಿಂತ ಅಂಜಿಕೆಯಿಂದ ಬೇಗ ಸಾಯುವ ಜೀವ. ಕಣ್ಣು ಮುಚ್ಚಿದರೆ ಎದೆಬಡಿತ ಇಳಿಯುತ್ತದೆ. ಇದನ್ನು ಕಲಿಯಲು ನನಗೆ ಹತ್ತು ವರ್ಷ ಹಿಡಿಯಿತು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಏ, ಏಳು, ಆಟ ನಿಂತಿದೆ,” ಎಂದಿರಿ ತಾವು.

“ಆಟಾ ನಿಂದರ್ಲಿ ಸಾಬ್. ಈಕಿ ಉಸಿರು ನಿಂದರಬಾರ್ದು,” ಎಂದರು ಅವರು.

ಇದನ್ನೆಲ್ಲ ಕಣ್ಣಾರೆ ಕಂಡ, ಅವರೊಂದಿಗೆ ಕೆಲಸ ಮಾಡುವ ಲಲಿತಾಬಾಯಿ ನನಗೆ ಫೋನು ಮಾಡಿದರು. “ಕಂಪೌಂಡರ್ ಸಾಹೇಬ್ರ, ಇದ್ದಂಗ ಬರ್ರಿ. ಚಿಗರಿ ಕಾಲು ಮುರದದ, ಸೈದಾನಬೀ ಅದರ ಮ್ಯಾಲೆ ಬಗ್ಗಿ ಕುಂತಾಳ, ಎಬ್ಬಿಸ್ಲಿಕತ್ತಾರ.” ನನ್ನ ಮನೆ ತಮ್ಮ ತಂತಿಬೇಲಿಯ ಆಚೆಗೇ ಇರುವುದರಿಂದ ಮುರಿದ ಬೇಲಿಯಲ್ಲೇ ನುಸುಳಿ ಬಂದೆ. ಮುರಿದ ಕಾಲಿಗೆ ಕಟ್ಟಲು ನೆಟ್ಟಗಿನ ದಬ್ಬೆ ಬೇಕಿತ್ತು. ನಲವತ್ತು ಎಕರೆಯಲ್ಲಿ ನೆಟ್ಟಗೆ ಇದ್ದದ್ದು ಆ ಬಾವುಟದ ಕೋಲು ಒಂದೇ; ಸೈದಾನಬೀಯ ಕುಡುಗೋಲಿನಿಂದಲೇ ಸೀಳಿದೆ. ನಾನು ಹರಿದ ಬಟ್ಟೆಯ ಪಟ್ಟಿಗಳಿಂದ ಕಟ್ಟುತ್ತಿದ್ದಾಗ ತಾವು ಬಾವುಟದ ಬಗ್ಗೆ ಏನೋ ಹೇಳುತ್ತಿದ್ದಿರಿ. ಪೂರ್ತಿ ಕೇಳಿಸಿಕೊಳ್ಳಲಾಗದ್ದಕ್ಕೆ ಕ್ಷಮೆಯಿರಲಿ.

ಅರಣ್ಯ ಇಲಾಖೆಯವರು ಬಂದು ಚಿಗರಿಯನ್ನು ಚಿಂಚೋಳಿ ಕಡೆಗೆ ಒಯ್ದರು. ಹನ್ನೊಂದನೆಯ ದಿನ ನಾನೂ ಸೈದಾನಬೀಯೂ ಬಸ್ಸು ಹಿಡಿದು ನೋಡಲು ಹೋಗಿದ್ದೆವು. ಕಾಲು ಕೂಡುತ್ತಿದೆ. ಮರಿ ಉಳಿದಿಲ್ಲ.

ಅಷ್ಟರಲ್ಲಿ ತಾವು ಶಿಸ್ತು ಕಾಪಾಡಲು ಅವರ ಗೇಟ್ ಪಾಸು ಕಸಿದುಕೊಂಡಿದ್ದಿರಿ. ಚಿಗರಿ ಬಿದ್ದ ಮರುವಾರದ ಭಾನುವಾರ ಉಳಿದ ಹನ್ನೊಂದು ಹೆಣ್ಣುಮಕ್ಕಳು ಕೆಲಸಕ್ಕೆ ಬಂದರು, ಹುಲ್ಲು ಕತ್ತರಿಸಿದರು, ನೀರು ಬಿಟ್ಟರು. ಪೊದೆಗೆ ಹೋದ ಚೆಂಡುಗಳನ್ನು ಮಾತ್ರ ಯಾರೂ ತಂದುಕೊಡಲಿಲ್ಲ. ಕಾರಣ ಕೇಳಿದಾಗ ಲಲಿತಾಬಾಯಿ, “ಹೊಡದವ್ರು ನೀವ, ಆರಿಸ್ಕೊಳ್ಳೋರೂ ನೀವ ಆಗ್ರಿ. ನಮ್ಮ ಕೈಲೆ ಆಗಂಗಿಲ್ಲ,” ಎಂದರಂತೆ. ಜಾಲಿಮುಳ್ಳಿನ ನಡುವೆ ತಾವು ಬಿಳಿ ಟೋಪಿ ಸರಿಪಡಿಸಿಕೊಳ್ಳುತ್ತ, ಮಂಡಿಯೂರಿ ಚೆಂಡು ಹುಡುಕುತ್ತಿದ್ದ ದೃಶ್ಯವನ್ನು ನಾನು ಬೇಲಿಯಾಚೆಯಿಂದ ಕಣ್ತುಂಬಿಕೊಂಡೆ. ಪ್ರಾಣಿಗಳ ಎತ್ತರಕ್ಕೆ ಇಳಿದು ಲೋಕವನ್ನು ನೋಡುವ ಅಧಿಕಾರಿಗಳು ಎಷ್ಟು ಜನ? ಮೂರನೆಯ ಭಾನುವಾರ ಆಟವೇ ನಡೆಯಲಿಲ್ಲ. ಸೋಮವಾರ ಪಾಸು ಮರಳಿ ಬಂತು.

ನಂತರ ಪ್ರಶಸ್ತಿ ಬಂತು. ಪತ್ರಿಕೆಯಲ್ಲಿ ಅರ್ಧ ಪುಟದ ಜಾಹೀರಾತು: ‘ಗಾಯಗೊಂಡ ಚಿಗರಿಯನ್ನು ರಕ್ಷಿಸಿದ ಶುಭ್ರಶಿಲಾ ಪರಿವಾರ’. ಆ ದಿನ ಮೈದಾನದಲ್ಲೇ ತೆಗೆದ ಚಿತ್ರದಲ್ಲಿ ಚಿಗರಿ ಇದೆ, ಅದರ ಪಕ್ಕಕ್ಕೆ ತಾವು ಇದ್ದೀರಿ. ಸೈದಾನಬೀಯನ್ನು ಬಹಳ ನಾಜೂಕಾಗಿ ಕತ್ತರಿಸಿದ್ದಾರೆ. ಆದರೂ ಚಿಗರಿಯ ಕುತ್ತಿಗೆಯ ಮೇಲೆ ಎಲ್ಲಿಂದಲೋ ಬಂದ ಎರಡು ಬೆರಳು ಉಳಿದುಕೊಂಡಿವೆ. ಹುಲ್ಲಿನ ಕಲೆ ಹತ್ತಿದ, ಉಗುರು ಸವೆದ ಬೆರಳು. ಜಾಹೀರಾತನ್ನು ನಾನು ಅವರಿಗೆ ಒಯ್ದು ತೋರಿಸಿದೆ. ಬಹಳ ಹೊತ್ತು ನೋಡಿದರು. “ಈ ಬಟ್ಟು ನನ್ವು,” ಎಂದರು.

ಪ್ರಶಸ್ತಿಯ ಹುರುಪಿನಲ್ಲಿರುವ ತಮ್ಮಲ್ಲಿ ಕೆಲವು ಅರಿಕೆಗಳಿವೆ. ಮೊಲಗಳಿಗೆ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿಸಿ, ‘ಪ್ರವೇಶವಿಲ್ಲ’ ಫಲಕವನ್ನು ಅವುಗಳ ಕಣ್ಣಿನ ಮಟ್ಟಕ್ಕೆ ಇಳಿಸಬೇಕು. ತಮ್ಮ ಹುಲ್ಲಿಗೆ ನೀಲಿಯೋ ಕೆಂಪೋ ಬಣ್ಣ ಬಳಿಸಿ, ಹಸಿದ ಪ್ರಾಣಿಗಳಿಗೆ ಆಹಾರವೆಂಬ ಭ್ರಮೆ ಹುಟ್ಟದಂತೆ ನೋಡಿಕೊಳ್ಳಬೇಕು. ಚಿಗರಿಗಳಿಗೆ ಬಸುರಿನ ರಜೆಯನ್ನು ಭಾನುವಾರ ಹೊರತುಪಡಿಸಿ ಮಂಜೂರು ಮಾಡಬೇಕು. ಇವೆಲ್ಲ ಕಷ್ಟವೆನಿಸಿದರೆ, ಬಲೆ ಬಿಚ್ಚಿಸಿ, ಬೇಲಿಯ ಹೊರಗೆ ಒಂದು ನೀರಿನ ತೊಟ್ಟಿ ಕಟ್ಟಿಸಿ, ಜೀವಕ್ಕೆ ಗುರಿಯಿಡುವ ಆ ನಿಯಮವನ್ನು ಹರಿದುಹಾಕಬಹುದು. ಇದಕ್ಕೆ ಪ್ರಶಸ್ತಿ ಯಾರೂ ಕೊಡುವುದಿಲ್ಲ ಎಂಬುದು ನನಗೂ ಗೊತ್ತು.

ಪಾಸು ಮರಳಿಸಿದ ಮೇಲೆ ವಿಷಯ ಮುಗಿಯಿತೆಂದು ತಾವು ತಿಳಿದಿರಬಹುದು. ಸೈದಾನಬೀಯೂ ಮೊದಲು ಹಾಗೇ ತಿಳಿದಿದ್ದರು. ಚಿಗರಿಗೆ ಪೆಟ್ಟಾದ ಬಗ್ಗೆ ಅರಣ್ಯ ಕಚೇರಿಗೆ ಹೇಳಿಕೆ ಕೊಡಲು ಕರೆ ಬಂದಾಗ ನನ್ನ ಕಟ್ಟೆಯ ಮೇಲೆ ಕೂತು, “ಹೋದ್ರ ಕೆಲಸಾ ಹೋಗ್ತದ ಕಂಪೌಂಡರ್ ಸಾಬ್. ಹೋಗ್ಲಿಲ್ಲಂದ್ರ ನಿದ್ದಿ ಹೋಗ್ತದ,” ಎಂದರು. ಹೋಗಿರಿ ಎಂದು ನಾನು ಹೇಳಲಿಲ್ಲ. ಪಿಂಚಣಿ ತಿನ್ನುವವನಿಗೆ ಆ ಮಾತು ಹೇಳುವ ಯೋಗ್ಯತೆಯಿಲ್ಲ. ಗುರುವಾರ ಬೆಳಿಗ್ಗೆ ಒಗೆದ ಓಢಣಿ ಹೊದ್ದು ಅವರೇ ಬಂದು, “ನಡೀರಿ,” ಎಂದರು.

ತಮ್ಮ ಹುಲ್ಲು ತುಳಿದ, ಆದರೂ ತಮ್ಮ ವಿಶ್ವಾಸಿಯೇ ಆದ,
ಅಂಬರಾಯ
ನಿವೃತ್ತ ಕಂಪೌಂಡರ್

ತಾಜಾ ಕಲಂ: ಹೇಳಿಕೆ ನಾಲ್ಕು ಪುಟವಾಯಿತು. ಸೈದಾನಬೀ ಓದಲಾರರು, ಬರೆದುಕೊಂಡವರಿಂದ ಎರಡು ಸಲ ಓದಿಸಿ ಕೇಳಿದರು. ತಿದ್ದಿಸಿದ್ದು ಒಂದೇ ಕಡೆ. ಅಲ್ಲಿ ‘ಚೆಂಡು ತಗುಲಿತು’ ಎಂದು ಬರೆದಿತ್ತು. “ತಗುಲಿಲ್ರಿ,” ಎಂದರು, “ಹೊಡದಾರ. ಹೊಡದಾರ ಅಂತ ಬರೀರಿ.” ಹಾಗೆಂದೇ ಬರೆದಿದೆ, ತಮ್ಮ ಪೂರ್ತಿ ಹೆಸರಿನ ಮುಂದೆ. ಕೆಳಗೆ ಅವರ ಹೆಬ್ಬೆಟ್ಟು ಇದೆ. ಅದನ್ನು ಯಾರಿಗೂ ಕತ್ತರಿಸಲು ಬರುವುದಿಲ್ಲ.